ಬೀಗರ ಮುಂದ ಹೇಳ್ಲಿಕ್ಕೆ ಬರೋ ಹೆಸರು

ಮೊನ್ನೆ ಶ್ರಾವಣ ಶುಕ್ರವಾರ ನಮ್ಮ ಓಣ್ಯಾಗ ಅರಿಶಿಣ-ಕುಂಕುಮಕ್ಕ ಕರದಿದ್ರು. ಉಡಿ ತುಂಬಿಸ್ಕೊಂಡು, ಕೋಸಂಬರಿ ತಿಂದು ಇನ್ನೇನ ಚಪ್ಪಲಿ ಹಾಕ್ಕೋಬೇಕು ಅನ್ನೋದ್ರಾಗ ಹಿಂದಿನ ಮನಿ ವೈನಿ ನನ್ನ ಬಾಜೂಕ ಕರದು ಸಣ್ಣ ದನಿಲೆ ಕೇಳಿದ್ರು.

"ನಿಮಗ ಒಬ್ಬರು ಲೈಫ್ ಕೋಚ್ ಗೊತ್ತಿದ್ರಲ್ಲಾ, ಅವರ ನಂಬರ್ ಕೊಡ್ರಿ. ನಮ್ಮ ಸೊಸಿ ಎರಡ ತಿಂಗಳಾತು ಭಾಳ ಮಂಕಾಗ್ಯಾಳ. ಯಾರ ಜೋಡೀನೂ ಮಾತಿಲ್ಲ. ರಾತ್ರಿ ಎದ್ದ ಕೂತಿರ್ತಾಳ."

"ವೈನಿ, ಒಂದ ಸಲ ಕೌನ್ಸೆಲರ್ ಕಡೆ ಕರಕೊಂಡ ಹೋಗಬಾರದೇನು?" ಅಂದೆ.

ಅವರ ಮಾರಿ ಬದಲಾತು. "ಅಯ್ಯ, ಅಷ್ಟೇನ ಆಗಿಲ್ಲ ಬಿಡ್ರಿ ಅಕಿಗೆ. ಹುಚ್ಚೇನ ಹಿಡದಿಲ್ಲ. ಸ್ವಲ್ಪ ಮೋಟಿವೇಶನ್ ಬೇಕಷ್ಟ."

ಮಂದಿ ಇದ್ರು, ನಾ ಮತ್ತೇನೂ ಅನ್ನಲಿಲ್ಲ. ಮನಿಗೆ ಬಂದು ಕೈಯಾಗಿನ ಅರಿಶಿಣ ತೊಳಕೋತ ವಿಚಾರ ಮಾಡಿದೆ. ವೈನಿ ಆಡಿದ ಮಾತು ನನಗ ಹೊಸದಲ್ಲ. ಎರಡ ವರ್ಷದ ಹಿಂದ ಇದ ಮಾತು ನನ್ನ ಬಾಯಿಂದನ ಬಂದಿತ್ತು. ಅದರ ತ್ರಾಸ ನಾ ಪಡಲಿಲ್ಲ, ನನ್ನ ತಂಗಿ ಮಗಳು ಪಟ್ಲು. ಅಕಿನ್ನ ಕೇಳಿ, ಅಕಿ "ಬರಿ ಮೌಶಿ, ನನ್ನ ಹೆಸರೊಂದ ಬ್ಯಾಡ" ಅಂದ ಮ್ಯಾಲೇನ ಇದನ್ನ ಬರೀಲಿಕ್ಕತ್ತೀನಿ.

ಮೊದಲ ನನ್ನ ಕಥಿ ಹೇಳಿಬಿಡ್ತೀನಿ. ಇಲ್ಲಂದ್ರ ನಾ ಕೋಚ್ ಮಂದೀನ ಬೈಲಿಕ್ಕೆ ಕೂತೀನಿ ಅಂತ ತಿಳ್ಕೋತೀರಿ. ನಾ ಚಟ್ನಿಪುಡಿ, ಮೆಂತೇದ ಹಿಟ್ಟು, ಸಾರಿನ ಪುಡಿ ಮಾಡಿ ಮಾರ್ತೀನಿ ಅಂತ ನಿಮ್ಮೆಲ್ಲಾರಿಗೂ ಗೊತ್ತದ. ಆದ್ರ ಅದಕ್ಕಿಂತ ಮೊದಲ ಹತ್ತ ವರ್ಷ ನಾ ಅದನ್ನ ಪುಕ್ಕಟೆ ಹಂಚಿದಾಕಿ. ರೊಕ್ಕ ಕೇಳ್ಲಿಕ್ಕೆ ನಾಚಿಕಿ. "ಮನಿ ಮಂದಿಗೆ ಕೊಟ್ಟಿದ್ದಕ್ಕ ರೊಕ್ಕ ಏನು" ಅಂತ ನಮ್ಮ ಅತ್ತಿ ಕಲಿಸಿದ್ದು ತಲಿಯಾಗ ಕೂತಿತ್ತು. ನನ್ನ ನಲವತ್ತೇಳನೇ ವರ್ಷದಾಗ ಪರಿಚಯದವರೊಬ್ಬರು ಒಬ್ಬ ಕೋಚ್ ಬಾಯಿಯವರ ಕಡೆ ಕಳಿಸಿದ್ರು. ಎಂಟ ಸಲ ಹೋದೆ. ಅವರು ನನಗ ಏನೂ ಉಪದೇಶ ಮಾಡಲಿಲ್ಲ, ಬರೇ ಪ್ರಶ್ನಿ ಕೇಳಿದ್ರು. ಒಂದ ಕಿಲೋ ಪುಡಿಗೆ ಶೇಂಗಾ ಎಷ್ಟು, ಗ್ಯಾಸ್ ಎಷ್ಟು, ನಿಮ್ಮ ಎಷ್ಟ ತಾಸು ಹೋಗ್ತದ? ರೇಟ್ ಹೇಳಿದ್ರ ಯಾರು ಏನಂತಾರ ಅಂತ ಅಂಜಿಕಿ ನಿಮಗ? ಮುಂದಿನ ಸೋಮವಾರದೊಳಗ ಮೂರ ಮಂದಿಗೆ ರೇಟ್ ಹೇಳಿ ಬರ್ರಿ ಅಂದ್ರು. ಹೇಳಿ ಬಂದೆ. ಮೂವರೊಳಗ ಇಬ್ಬರು ತೊಗೊಂಡ್ರು. ಅಲ್ಲಿಂದ ಸುರು ಆದದ್ದು.

ಆಗ ನನಗ ಏನೂ ಬ್ಯಾನಿ ಇರಲಿಲ್ಲ. ನಿದ್ದಿ ಬರ್ತಿತ್ತು, ಊಟ ಸೇರ್ತಿತ್ತು. ಒಂದಿಷ್ಟು ಧೈರ್ಯ ಬೇಕಿತ್ತು, ಒಂದು ಲೆಕ್ಕ ಬೇಕಿತ್ತು. ಎರಡೂ ಸಿಕ್ಕು. ಅದಕ್ಕ ಕೋಚ್ ಅಂದ್ರ ಎಲ್ಲಾದಕ್ಕೂ ಔಷಧ ಅಂತ ನನ್ನ ತಲಿಯಾಗ ಕೂತುಬಿಡ್ತು. ತಪ್ಪಾಗಿದ್ದು ಅಲ್ಲೇ.

ತಂಗಿ ಮಗಳು ಬೆಂಗಳೂರಾಗ ಸಾಫ್ಟ್‌ವೇರ್ ಕಂಪನಿಯಾಗ ಇದ್ಲು. ಚೊಚ್ಚಲ ಬಾಣಂತನಕ್ಕ ಹುಬ್ಬಳ್ಳಿಗೆ ತವರಮನಿಗೆ ಬಂದಿದ್ಲು. ಹೆಣ್ಣಕೂಸು, ಛಲೋ ತೂಕ, ಯಾವ ತ್ರಾಸೂ ಇರಲಿಲ್ಲ. ತಂಗಿ ಅಂಟಿನುಂಡಿ ಕಟ್ಟಿ, ಅಳವಿ ಪಾಯಸ ಮಾಡಿ, ಎಣ್ಣಿ ಹಚ್ಚಿ ನೀರ ಹಾಕಿ ಎಲ್ಲಾ ಪದ್ಧತಿ ಪ್ರಕಾರ ನೋಡ್ಕೊಂಡ್ಲು. ಆದ್ರ ತೊಟ್ಲದ ಕಾರ್ಯಕ್ಕ ನಾ ಹೋದಾಗ ಹುಡುಗಿ ನಕ್ಕಿದ್ದು ಫೋಟೋದವ ಹೇಳಿದಾಗ ಅಷ್ಟ. ಎರಡನೇ ತಿಂಗಳಾಗ ಕೂಸು ಮಲಗಿದ್ರೂ ಇಕಿ ಮಲಗ್ತಿದ್ದಿಲ್ಲ. ತಾಟ ಮುಂದ ಇಟ್ಕೊಂಡು ಹಂಗ ಕೂತಿರ್ತಿದ್ಲು. ಕಾರಣ ಇಲ್ಲದ ಅಳೂದು. "ಅಮ್ಮ, ನಂಗ ಕೂಸಿನ್ನ ಎತ್ಕೊಂಡ್ರ ಏನೂ ಅನಸೂದ ಇಲ್ಲ. ನಾ ಛಲೋ ತಾಯಿ ಅಲ್ಲ" ಅಂತ ಅಂದಿದ್ಲಂತ.

ಮನಿ ತುಂಬ ಸಲಹಾ. ಒಬ್ಬರು ದೃಷ್ಟಿ ಆಗೇದ ಅಂದ್ರು. ಒಬ್ಬರು ಫೋನ್ ಕಸಗೊಳ್ರಿ ಅಂದ್ರು. ನಾವು ನಾಲ್ಕ ಹಡದೀವಿ, ನಮಗ ಇದೆಲ್ಲಾ ಆಗಿತ್ತೇನು ಅಂತ ಮತ್ತೊಬ್ಬರು. ಹೆರಿಗಿ ಮಾಡಿಸಿದ ಡಾಕ್ಟರ್ ಒಂದ ಮಾತು ಅಂದಿದ್ರಂತ, ಬೇಕಾದ್ರ ಮನೋವೈದ್ಯರಿಗೆ ತೋರಸ್ರಿ ಅಂತ. ತಂಗಿ ನನಗ ಫೋನ್ ಹಚ್ಚಿ ಅಳ್ಲಿಕ್ಕತ್ಲು. "ಅಕ್ಕಾ, ಬೀಗರಿಗೆ ಏನಂತ ಹೇಳ್ಲಿ? ನಮ್ಮ ಹುಡುಗಿಗೆ ತಲಿ ಸರಿ ಇಲ್ಲ ಅಂತ ಹೇಳ್ಲೇನು?"

ನಾ ಧಾರವಾಡದಾಕಿ. ನಿಮಗ ಗೊತ್ತದಲ್ಲಾ, ನಮ್ಮ ಕಡೆ ಯಾರರೆ ಒಂಚೂರು ಸಿಟ್ಟಿಗೆದ್ದು ಒದರಿದ್ರ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗತಾರ. ನಾವೂ ನಗತೀವಿ. ಬೆಳಗಾವಿ ರೋಡಿನ್ಯಾಗ ಇರೋ ಆ ದವಾಖಾನಿ 1845ರಿಂದ ಅದ. ಈಗ ಡಿಮ್ಹಾನ್ಸ್ ಅಂತ ಹೆಸರಾಗೇದ, ಅಲ್ಲೆ ಡಾಕ್ಟರಕಿ ಕಲಸ್ತಾರ. ಆದ್ರ ನಮ್ಮ ಬಾಯಾಗ ಅದು ಇನ್ನೂ ಹುಚ್ಚರ ದವಾಖಾನೀನ. ಮನಿ ಮುಂದ ದವಾಖಾನಿ ಇಟ್ಕೊಂಡು ಅದನ್ನ ಬೈಗುಳ ಮಾಡಿದವರು ನಾವು. ಅದಕ್ಕ ತಂಗಿ ಕೇಳಿದ ಕೂಡ್ಲೆ ನನ್ನ ಬಾಯಿಂದ ಬಂದದ್ದು ಇದು: "ಮನೋವೈದ್ಯರು ಯಾಕ, ಅಷ್ಟೇನ ಆಗಿಲ್ಲ. ಒಬ್ಬ ಲೈಫ್ ಕೋಚ್ ಹಚ್ಚೋಣು. ಬೀಗರು ಕೇಳಿದ್ರ ಆನ್‌ಲೈನ್ ಕೋರ್ಸ್ ಮಾಡ್ಲಿಕ್ಕತ್ಯಾಳ ಅಂತ ಹೇಳು."

ಬೀಗರ ಮುಂದ ಹೇಳ್ಲಿಕ್ಕೆ ಬರೋ ಹೆಸರು ಬೇಕಾಗಿತ್ತು ನಮಗ. ಹುಡುಗಿಗೆ ಏನ ಬೇಕಾಗಿತ್ತು ಅಂತ ನಾವು ಕೇಳಲೇ ಇಲ್ಲ.

ನನ್ನ ಕೋಚ್ ಬಾಯಿಯವರು ಊರಾಗ ಇರಲಿಲ್ಲ. ಬ್ಯಾರೆ ಒಬ್ಬರನ್ನ ಫೋನಿನ್ಯಾಗ ಹುಡುಕಿದ್ವಿ. ಮೂರ ತಿಂಗಳಿಗೆ 45,000 ರೂಪಾಯಿ, ಮೊದಲ ಕಟ್ಟಬೇಕು. ಕಟ್ಟಿದ್ವಿ. ಅವರು ಕೊಟ್ಟ ಕೆಲಸ ಹಿಂಗಿದ್ವು: ಮುಂಜಾನೆ ಐದಕ್ಕ ಏಳಬೇಕು. ಕನ್ನಡಿ ಮುಂದ ನಿಂತು "ನಾ ಗಟ್ಟಿಗಿತ್ತಿ" ಅಂತ ಹತ್ತ ಸಲ ಅನಬೇಕು. ದಿನಾ ಐದ ಸಂಗತಿಗೆ ಧನ್ಯವಾದ ಬರೀಬೇಕು. ವಾರದ ಗುರಿ, ತಿಂಗಳ ಗುರಿ. ನೋಡ್ರಿ, ರಾತ್ರಿ ಮೂರ ಸಲ ಹಾಲ ಕುಡಿಸಿ, ನಡುವ ಕಣ್ಣ ಮುಚ್ಚದ ಹುಡುಗಿಗೆ ಐದಕ್ಕ ಏಳು ಅಂದ್ರು. ಅಕಿಗೆ ಆಗಲಿಲ್ಲ. ಆಗದ ಒಂದೊಂದ ಗುರೀನೂ "ನಾ ಯಾತಕ್ಕೂ ಬಾರದಾಕಿ" ಅನ್ನೋದಕ್ಕ ಅಕಿಗೆ ಒಂದೊಂದ ಸಾಕ್ಷಿ ಆತು. ನಾಲ್ಕನೇ ವಾರ ಅವರು "ನಿಮ್ಮ ಕಡೆಯಿಂದ ಪ್ರಯತ್ನ ಕಡಿಮಿ ಅದ" ಅಂದ್ರಂತ. ಇಕಿ ಆ ಮಾತನ್ನ ಧನ್ಯವಾದದ ವಹಿಯೊಳಗ ಬರದಿಟ್ಟಿದ್ಲು. ಮುಂದ ನಾ ಆ ವಹಿ ನೋಡೀನಿ. ಮೊದಲಿನ ಪಾನಿನ್ಯಾಗ ಐದ ಸಾಲು, ಆಮ್ಯಾಲೆ ಮೂರು, ಆಮ್ಯಾಲೆ ಬರೇ ತಾರೀಖು.

ಆರನೇ ವಾರ ಒಂದ ರಾತ್ರಿ ಎರಡಕ್ಕ ತಂಗಿ ಫೋನ್ ಬಂತು. ಹುಡುಗಿ ಅವ್ವನ ಎಬ್ಬಿಸಿ, ಅಳದನ, ಭಾಳ ಶಾಂತ ದನಿಲೆ ಹೇಳಿದ್ಲಂತ, "ನಾ ಇಲ್ಲದಿದ್ರ ಕೂಸಿಗೆ ಛಲೋ ಆಗ್ತದಮ್ಮ."

ಆ ರಾತ್ರಿ ತಂಗಿ ಅಕಿ ಕೈ ಬಿಡಲಿಲ್ಲ. ಮುಂಜಾನೆ ನಾ ಮೊದಲನೇ ಬಸ್ಸಿಗೆ ಹೋದೆ. ಹನ್ನೊಂದಕ್ಕ ಮನೋವೈದ್ಯರ ಮುಂದ ಕೂತಿದ್ವಿ. ಬೀಗರಿಗೆ ಏನ ಹೇಳೂದು ಅನ್ನೋ ವಿಚಾರ ಆಗ ಯಾರ ತಲಿಯಾಗೂ ಇರಲಿಲ್ಲ.

ಡಾಕ್ಟರ್ ಬಾಯಿ ಹತ್ತ ಪ್ರಶ್ನಿ ಇರೋ ಒಂದ ಹಾಳಿ ಕೊಟ್ಟು, ಹೋದ ಏಳ ದಿನದಾಗ ನಿಮಗ ಹೆಂಗ ಅನಸೇದ, ಅದರ ಪ್ರಕಾರ ಗೆರಿ ಹಾಕ್ರಿ ಅಂದ್ರು. ಅದು 1987ರಾಗ ಸ್ಕಾಟ್ಲೆಂಡಿನ್ಯಾಗ ಬಾಣಂತ್ಯಾರ ಸಲುವಾಗೇನ ಮಾಡಿದ್ದು, ಎಡಿನ್‌ಬರೋ ಪ್ರಶ್ನಾವಳಿ ಅಂತಾರ. ನಗ್ಲಿಕ್ಕೆ ಆಗೇದೇನು, ಕಾರಣ ಇಲ್ಲದ ನಿಮ್ಮನ್ನ ನೀವ ಬೈಕೊಂಡೀರೇನು, ಇಂಥಾವು. ಕಡೀ ಪ್ರಶ್ನಿ, ಜೀವಕ್ಕ ಏನರೆ ಮಾಡ್ಕೊಳ್ಳೋ ವಿಚಾರ ಬಂದದೇನು ಅಂತ. ಹತ್ತ ನಿಮಿಷದ ಕೆಲಸ. ಎರಡ ತಿಂಗಳು ಅಕಿಗೆ ಆ ಪ್ರಶ್ನಿ ಯಾರೂ ಕೇಳಿರಲಿಲ್ಲ, ನಾನೂ ಸೈತ. ಆಮ್ಯಾಲೆ ರಕ್ತ ತಪಾಸಣಿಗೆ ಬರದ್ರು. ಥೈರಾಯ್ಡ್ ಹೆಚ್ಚುಕಡಿಮಿ ಆದ್ರ, ರಕ್ತ ಕಡಿಮಿ ಆದ್ರ ಹಿಂಗ ಸುಸ್ತು, ಬ್ಯಾಸರಕಿ ಆಗ್ತದ, ಅದನ್ನ ಮೊದಲ ನೋಡಬೇಕು ಅಂದ್ರು. ಹಡದ ಮೂರನೇ ನಾಲ್ಕನೇ ದಿನ ಬರೋ ಅಳು ಭಾಳಷ್ಟ ಬಾಣಂತ್ಯಾರಿಗೆ ಬರ್ತದ, ಎರಡ ವಾರದೊಳಗ ತಾನ ಹೋಗ್ತದ, ಹೋಗದಿದ್ರ ಅದು ಬ್ಯಾನಿ ಅಂತ ತಿಳಿಸಿ ಹೇಳಿದ್ರು. ಹಾಲ ಕುಡಿಸೋ ತಾಯಿಗೆ ನಡಿಯೋ ಗುಳಿಗಿ ಅವ ಅಂತ ಹೇಳಿ ಸುರು ಮಾಡಿದ್ರು. ಜೋಡಿಗೆ ವಾರಕ್ಕೊಮ್ಮೆ ಕೌನ್ಸೆಲಿಂಗ್.

ಒಂದ ವಾರದಾಗ ಏನೂ ಚಮತ್ಕಾರ ಆಗಲಿಲ್ಲ. ಮೂರನೇ ವಾರದಾಗ ನಿದ್ದಿ ಬಂತು. ಎರಡ ತಿಂಗಳಿಗೆ ಕೂಸಿಗೆ ಕಾಡಿಗಿ ಹಚ್ಚಿಕೋತ ತಾನ ಏನೋ ಗುನಗುನಿಸ್ಲಿಕ್ಕತ್ತಿದ್ಲಂತ, ತಂಗಿ ಅಡಗಿ ಮನಿಯೊಳಗ ಒಲಿ ಆರಿಸಿ ನಿಂತು ಕೇಳಿದ್ಲಂತ. ಮತ್ತ ಬೀಗತಿ? ವಿಷಯ ಗೊತ್ತಾದ ಮ್ಯಾಲೆ ಅವರು ಅಂದದ್ದು, "ನನಗೂ ಎರಡನೇದಕ್ಕ ಹಿಂಗ ಆಗಿತ್ತು. ಯಾರಿಗೂ ಹೇಳಿದ್ದಿಲ್ಲ." ಇಷ್ಟಕ್ಕ ನಾವು ಆರ ವಾರ ಅಂಜಿದ್ವಿ.

ಈಗ ನನ್ನ ಅಭಿಪ್ರಾಯ. ಕೋಚ್ ಬೇಕೋ ಕೌನ್ಸೆಲರ್ ಬೇಕೋ ಅನ್ನೋದು ಹಣ್ಣ ಆರಿಸಿಧಂಗ ಯಾವುದು ಚಂದ ಕಾಣತದ ಅದನ್ನ ತೊಗೊಳ್ಳೋ ವಿಷಯ ಅಲ್ಲ. ಎರಡೂ ಬ್ಯಾರೆ ಕೆಲಸ. ಅಮೆರಿಕಾದಾಗ ಥಾಮಸ್ ಲಿಯೊನಾರ್ಡ್ ಅನ್ನೋ ಹಣಕಾಸಿನ ಸಲಹೆಗಾರ 1992ರಾಗ ಕೋಚ್ ಮಂದೀನ ತಯಾರ ಮಾಡೋ ಸಾಲಿ ತಗದ, 1995ರಾಗ ಇಂಟರ್‌ನ್ಯಾಶನಲ್ ಕೋಚ್ ಫೆಡರೇಶನ್ ಕಟ್ಟಿದ. ಅಂದ್ರ ಈ ಕಸಬು ದವಾಖಾನಿಯೊಳಗ ಹುಟ್ಟಿದ್ದಲ್ಲ, ರೊಕ್ಕದ ಲೆಕ್ಕದ ಟೇಬಲ್ಲಿನ ಮ್ಯಾಲೆ ಹುಟ್ಟಿದ್ದು. ಗಟ್ಟಿಮುಟ್ಟ ಇದ್ದವರು "ಮುಂದ ಏನ ಮಾಡ್ಲಿ" ಅಂತ ಕೇಳ್ಲಿಕ್ಕೆ ಇರೋದು. ಆ ಫೆಡರೇಶನ್ನಿನವರ ತಾವ ಹೇಳ್ತಾರ, ಕೋಚಿಂಗ್ ಅಂದ್ರ ಮನಸಿನ ಬ್ಯಾನಿಗೆ ಉಪಚಾರ ಅಲ್ಲ, ಅಂಥವರು ಬಂದ್ರ ಚಿಕಿತ್ಸಾ ಮಾಡೋರ ಕಡೆ ಕಳಸಬೇಕು ಅಂತ. ಛಲೋ ಕೋಚ್ ಕಳಸ್ತಾರ. ನಮಗ ಸಿಕ್ಕವರು ಕಳಸಲಿಲ್ಲ.

ನಮ್ಮ ದೇಶದಾಗ ಕೋಚ್ ಆಗ್ಲಿಕ್ಕೆ ಲೈಸೆನ್ಸ್ ಬೇಕು ಅಂತಿಲ್ಲ. ನಾಳೆ ನಾ ಕಾರ್ಡ್ ಛಾಪಿಸಿದ್ರ ನಾನೂ ಕೋಚ್. 2017ರ ಮಾನಸಿಕ ಆರೋಗ್ಯದ ಕಾಯ್ದೆ ಇಂಥಿಂಥವರು ಈ ಕೆಲಸದವರು ಅಂತ ಹೆಸರಿಟ್ಟು ಹೇಳ್ತದ. ಮನೋವೈದ್ಯರು ಅಂದ್ರ ಎಂಬಿಬಿಎಸ್ ಮುಗಿಸಿ ಮನಸಿನ ಬ್ಯಾನೀನ ಕಲಿತವರು, ಗುಳಿಗಿ ಬರಿಯೋ ಡಾಕ್ಟರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರ ಗುಳಿಗಿ ಬರಿಯಂಗಿಲ್ಲ, ಮಾತಿನ ಚಿಕಿತ್ಸಾ ಮಾಡ್ತಾರ, ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಾಗ ಅವರ ನೋಂದಣಿ ಇರಬೇಕು. ಅದ ಕಾಯ್ದೆ ಪ್ರಕಾರ ನಾವು ಹೇಳಿದ ಗುಟ್ಟು ಕಾಯೂದು ಅವರ ಕರ್ತವ್ಯ, ಮೈ ಬ್ಯಾನಿಗೆ ಕೊಟ್ಟಂಗ ಮನಸಿನ ಬ್ಯಾನಿಗೂ ವಿಮಾ ಕೊಡಬೇಕು ಅಂತನೂ ಅದ. ಕೋಚ್ ಹೆಸರು ಅದರಾಗ ಎಲ್ಲೂ ಇಲ್ಲ. ಇನ್ನ ಬರೇ ಕೌನ್ಸೆಲರ್ ಅಂತ ಫಲಕ ಹಾಕ್ಕೊಂಡವರನ್ನೂ ಕಣ್ಣ ಮುಚ್ಚಿ ನಂಬಬ್ಯಾಡ್ರಿ. ಸೈಕಾಲಜಿಯೊಳಗ ಎಂ.ಎ. ಇಲ್ಲಾ ಎಂ.ಎಸ್ಸಿ. ಆಗೇದೇನು, ಎಲ್ಲೆ ಕೆಲಸ ಕಲಿತಾರ ಅಂತ ಕೇಳ್ರಿ. ಕಾಯಿಪಲ್ಲೆ ತೊಗೊಳ್ಳೋವಾಗ ಬದನಿಕಾಯಿ ಹೊಳ್ಳಿಸಿ ಹೊಳ್ಳಿಸಿ ನೋಡ್ತೀವಿ, ಇಲ್ಲೆ ಯಾಕ ಸಂಕೋಚ?

ಯಾರ ಕಡೆ ಹೋಗಬೇಕು ಅಂತ ತಿಳಿಯದಿದ್ರ ನಾ ಈಗ ಒಂದ ಪ್ರಶ್ನಿ ಕೇಳ್ತೀನಿ. ಮಾಡ್ಲಿಕ್ಕೆ ಆಗ್ತದ, ಆದ್ರ ಏನ ಮಾಡಬೇಕು ಅಂತ ತಿಳೀವಲ್ತು ಅಂತಿದ್ರ ಕೋಚ್. ಏನ ಮಾಡಬೇಕು ಅಂತ ಗೊತ್ತದ, ಆದ್ರ ಮಾಡ್ಲಿಕ್ಕೆ ಆಗವಲ್ತು ಅಂತಿದ್ರ ಕೌನ್ಸೆಲರ್ ಇಲ್ಲಾ ಡಾಕ್ಟರ್. ಎದ್ದು ಜಳಕ ಮಾಡಬೇಕು, ಉಣಬೇಕು, ಕೂಸಿನ್ನ ಎತ್ಕೋಬೇಕು ಅಂತ ನಮ್ಮ ಹುಡುಗಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡ ವಾರದ ಮ್ಯಾಲಾದ್ರೂ ನಿದ್ದಿ, ಊಟ, ಮಾತು ಮೊದಲಿನಂಗ ಆಗದಿದ್ರ ದವಾಖಾನಿ. ಸಾಯೋ ಮಾತು ಬಾಯಿಂದ ಬಂದ್ರ, ಇಲ್ಲದ್ದು ಕಾಣಸ್ಲಿಕ್ಕತ್ರ, ಕೇಳಸ್ಲಿಕ್ಕತ್ರ ಎರಡ ವಾರನೂ ಕಾಯೂದು ಬ್ಯಾಡ, ಅವತ್ತ ಹೋಗ್ರಿ, ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ.

ಮತ್ತ ಎಲ್ಲಾರನ್ನೂ ದವಾಖಾನಿಗೆ ಎಳಕೊಂಡ ಹೋಗ್ರಿ ಅಂತ ನಾ ಹೇಳ್ಲಿಕ್ಕತ್ತಿಲ್ಲ. ರಿಟೈರ್ ಆದ ಮ್ಯಾಲೆ ಮನ್ಯಾಗ ಅಡ್ಡಾಡಿ ಅಡ್ಡಾಡಿ ನಮ್ಮ ತಲಿ ತಿನ್ನೋ ಯಜಮಾನರಿಗೆ, ಎರಡ ನೌಕರಿ ಸಿಕ್ಕು ಯಾವದಕ್ಕ ಹೋಗ್ಲಿ ಅನ್ನೋ ಹುಡುಗಗ, ನನ್ನಂಗ ರೇಟ್ ಹೇಳ್ಲಿಕ್ಕೆ ನಾಚೋ ಹೆಣಮಗಳಿಗೆ ಛಲೋ ಕೋಚ್ ಸಿಕ್ರ ಉಪಯೋಗ ಅದ. ಆದ್ರ ಇಡೀ ರೊಕ್ಕ ಮೊದಲ ಕಟ್ರಿ ಅನ್ನೋರು, 21 ದಿನದಾಗ ಜೀವನ ಬದಲಾಗ್ತದ ಅಂತ ಗ್ಯಾರಂಟಿ ಕೊಡೋರು, ಡಾಕ್ಟರ್ ಗುಳಿಗಿ ಬಿಡ್ರಿ ಅನ್ನೋರು, ಇವರಿಂದ ದೂರ ಇರ್ರಿ.

ಇನ್ನೊಂದ ಮಾತು, ಇದು ನಮಗ ನಾವ ಹೇಳ್ಕೋಬೇಕಾದದ್ದು. ನಮ್ಮ ಹೆಣಮಕ್ಕಳು ಕೋಚ್ ಕಡೆ ಯಾಕ ಹೋಗ್ತಾರ? ಒಂದ ತಾಸು, ನಡುವ ಬಾಯಿ ಹಾಕದ, ಅವರ ಮಾತು ಒಬ್ಬರು ಕೇಳ್ತಾರ. ಆ ಒಂದ ತಾಸಿಗೆ ರೊಕ್ಕ ಕೊಡೋ ಪರಿಸ್ಥಿತಿ ನಮ್ಮ ಮನ್ಯಾಗ ಅದ. ತಂಗಿ ಮಗಳು "ನಂಗ ಏನೂ ಅನಸೂದಿಲ್ಲ" ಅಂದಾಗ ನಾವ್ಯಾರೂ "ಹಂಗಂದ್ರ ಹೆಂಗ, ಹೇಳು" ಅನ್ನಲಿಲ್ಲ. "ಹಂಗ ಅನಬಾರದು" ಅಂದ್ವಿ. ನಾವು ಕೇಳಿಸ್ಕೊಂಡ್ರ ಬ್ಯಾನಿ ಹೋಗ್ತದ ಅಂತಲ್ಲ. ಕೇಳಿಸ್ಕೊಂಡಿದ್ರ ಅದು ಬ್ಯಾನಿ ಅಂತ ಮೊದಲ ಗೊತ್ತಾಗ್ತಿತ್ತು, ಆರ ವಾರ ಉಳೀತಿದ್ವು.

ರೊಕ್ಕದ ಚಿಂತಿ ಇದ್ದವರಿಗೆ: ಡಿಮ್ಹಾನ್ಸ್ ಸರಕಾರಿ ದವಾಖಾನಿ. ಅಲ್ಲಿ ತನಕ ಹೋಗ್ಲಿಕ್ಕೆ ಧೈರ್ಯ ಆಗದಿದ್ರ ಮನ್ಯಾಗ ಕೂತು 14416ಕ್ಕ ಫೋನ್ ಹಚ್ರಿ. ಟೆಲಿ ಮಾನಸ್ ಅಂತ, ಕೇಂದ್ರ ಸರಕಾರದವರು 2022ರ ಅಕ್ಟೋಬರ್ 10ಕ್ಕ ಸುರು ಮಾಡಿದ್ದು. ಪುಕ್ಕಟೆ, ಹಗಲು ರಾತ್ರಿ ಇರ್ತದ, ಕನ್ನಡದಾಗ ಮಾತಾಡ್ಲಿಕ್ಕೆ ಬರ್ತದ. ಮಸಾಲಿ ಡಬ್ಬಿ ಇಡೋ ಕಪಾಟಿನ ಬಾಗಲಕ್ಕ, ಗ್ಯಾಸಿನವನ ನಂಬರ್ ಕೆಳಗ ನಾ ಈ ನಂಬರ್ ಬರದ ಹಚ್ಚೀನಿ. ನೀವೂ ಹಚ್ರಿ.

ತಂಗಿ ಮಗಳು ಈಗ ಬೆಂಗಳೂರಾಗ ಇದ್ದಾಳ. ಗುಳಿಗಿ ಡಾಕ್ಟರ್ ಹೇಳಿಧಂಗ ಸಾವಕಾಶ ಕಡಿಮಿ ಮಾಡಿ ನಿಲ್ಲಿಸ್ಯಾರ. ಮತ್ತ ನೌಕರಿಗೆ ಹೋಗೋ ಮುಂದ ಅಕಿ ಒಬ್ಬ ಕೋಚ್ ಕಡೆ ನಾಲ್ಕ ಸಲ ಹೋದ್ಲು, ಕೂಸು ನೌಕರಿ ಎರಡೂ ಹೆಂಗ ಹೊಂದಿಸಲಿ ಅಂತ ಕೇಳ್ಲಿಕ್ಕೆ. ಉಪಯೋಗ ಆತಂತ. "ಮೌಶಿ, ಈಗ ನನಗ ಮುಂಜಾನೆ ಏಳ್ಲಿಕ್ಕೆ ಆಗ್ತದ, ಅದಕ್ಕ ಎಷ್ಟಕ್ಕ ಏಳಬೇಕು ಅಂತ ಕೇಳಿದ್ರ ಅರ್ಥ ಅದ" ಅಂದ್ಲು. ನಾ ಇಷ್ಟ ಉದ್ದ ಬರದದ್ದನ್ನ ಅಕಿ ಒಂದ ಸಾಲಿನ್ಯಾಗ ಹೇಳಿದ್ಲು.

ನಾಳೆ ಮುಂಜಾನೆ ಹಿಂದಿನ ಮನಿ ವೈನಿ ಕಡೆ ಹೋಗ್ತೀನಿ. ಕೋಚ್ ನಂಬರ್ ಕೊಡಂಗಿಲ್ಲ. ಆ ರಾತ್ರಿ ಎರಡ ಗಂಟೆ ಫೋನಿನ ಕಥಿ ಹೇಳ್ತೀನಿ. ಮೊನ್ನೆ ಮಂದಿ ಮುಂದ ಸುಮ್ಮನ ಬಂದದ್ದು ತಪ್ಪಾತು ಅಂತ ಹೇಳ್ತೀನಿ. "ನಿಮ್ಮ ಸೊಸಿ ಜೋಡಿ ನಾನೂ ಬರ್ತೀನಿ, ಯಾರರೆ ಕೇಳಿದ್ರ ಮೌಶಿನ್ನ ತೋರಸ್ಲಿಕ್ಕೆ ಹೋಗಿದ್ವಿ ಅಂತ ನನ್ನ ಹೆಸರ ಹೇಳ್ರಿ" ಅಂತೀನಿ. ನನ್ನ ಬಗ್ಗೆ ಏನರೆ ಅನಕೊಳ್ಳಿ ಮಂದಿ, ಧಾರವಾಡದಾಗ ಇದ್ದಾಕಿಗೆ ಧಾರವಾಡದ್ದೇನ ಅಂಜಿಕಿ?